ತೈಲ ಬಾವಿ, ಪೈಪ್‌ಲೈನ್ ಕೆಲಸಕ್ಕೆ 400 ಜನರನ್ನು ಕೊಡಬೇಕಿದೆ: ಅನುಭವ ಇದ್ದವರು ಹೇಳಿ

ಕೇಳಿದವರು

ನಮಸ್ಕಾರ. ನಮ್ಮದು ಸಣ್ಣ ಮ್ಯಾನ್‌ಪವರ್ ಕಂಪನಿ. ಹನ್ನೊಂದು ವರ್ಷದಿಂದ ಕಟ್ಟಡದ ಕೆಲಸಕ್ಕೆ, ಕಾರ್ಖಾನೆಗಳ ಶಟ್‌ಡೌನ್ (ಕಾರ್ಖಾನೆ ನಿಲ್ಲಿಸಿ ಮಾಡುವ ರಿಪೇರಿ) ಕೆಲಸಕ್ಕೆ ಜನರನ್ನು ಕೊಡುತ್ತಾ ಬಂದಿದ್ದೇವೆ. ಈಗ ಮೊದಲ ಸಲ ಒಂದು ದೊಡ್ಡ ತೈಲ ಪ್ರಾಜೆಕ್ಟಿನ ಕಂಟ್ರಾಕ್ಟರ್ ನಮ್ಮನ್ನು ಕೇಳಿದ್ದಾರೆ. ಬಾವಿಗಳು, ಎಣ್ಣೆಯಿಂದ ಗ್ಯಾಸ್ ಮತ್ತು ನೀರು ಬೇರ್ಪಡಿಸುವ ಪ್ಲಾಂಟ್, ಅಲ್ಲಿಂದ ಬಂದರಿನವರೆಗೆ 300 ಕಿ.ಮೀ. ಪೈಪ್‌ಲೈನ್. ಬೇಕಿರುವುದು 400 ಜನ. ಅದರಲ್ಲಿ 120 ವೆಲ್ಡರ್, 90 ಪೈಪ್ ಫಿಟ್ಟರ್. ಉಳಿದವರು ರಿಗ್ಗರ್ (ಭಾರ ಕಟ್ಟಿ ಎತ್ತಿಸುವವರು), ಸ್ಕ್ಯಾಫೋಲ್ಡರ್ (ಎತ್ತರದ ಕೆಲಸಕ್ಕೆ ಅಟ್ಟಣಿಗೆ ಕಟ್ಟುವವರು), ಕ್ರೇನ್ ಮತ್ತು ಸೈಡ್‌ಬೂಮ್ (ಪಕ್ಕದಲ್ಲಿ ತೋಳಿರುವ, ಪೈಪ್ ಎತ್ತುವ ಗಾಡಿ) ಆಪರೇಟರ್, ಎಲೆಕ್ಟ್ರಿಷಿಯನ್, ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಎಂಟು ವಾರದಲ್ಲಿ ಎಲ್ಲರೂ ಸೈಟಿನಲ್ಲಿ ಇರಬೇಕಂತೆ. ನಮ್ಮ ಫೈಲಿನಲ್ಲಿ ಸಾವಿರಕ್ಕೂ ಜಾಸ್ತಿ ಬಯೋಡೇಟಾ ಇದೆ. ಒಪ್ಪಿಕೊಳ್ಳಬಹುದಾ? ಒಪ್ಪಿಕೊಂಡರೆ ಎಲ್ಲಿ ಕಾಲು ಜಾರುತ್ತದೆ? ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ವೆಲ್ಡಿಂಗ್ ಇನ್ಸ್‌ಪೆಕ್ಟರ್, 22 ವರ್ಷ

ಸರ್, ಕಂಟ್ರಾಕ್ಟರಿಗೆ ಮೊದಲು ಒಂದು ಮಾತು ಕೇಳಿ. ಈ 120 ವೆಲ್ಡರ್‌ಗಳಲ್ಲಿ ಪ್ಲಾಂಟಿಗೆ ಎಷ್ಟು ಜನ, ಲೈನಿಗೆ ಎಷ್ಟು ಜನ? ಇದು ಗೊತ್ತಾಗುವವರೆಗೆ ಒಬ್ಬನನ್ನೂ ಕರೆಯಬೇಡಿ.

ಎರಡೂ ಕಡೆಯವರು ಬಯೋಡೇಟಾದಲ್ಲಿ ‘ಪೈಪ್ ವೆಲ್ಡರ್’ ಅಂತಲೇ ಬರೆಯುತ್ತಾರೆ. ಕೈ ಮಾತ್ರ ಬೇರೆ. ಪ್ಲಾಂಟಿನ ಪೈಪಿಂಗ್ ಸಾಮಾನ್ಯವಾಗಿ ಎಎಸ್‌ಎಂಇ ಬಿ31.3 ಅನ್ನುವ ಅಮೆರಿಕದ ನಿಯಮದ ಪ್ರಕಾರ ನಡೆಯುತ್ತದೆ, ವೆಲ್ಡರ್ ಪರೀಕ್ಷೆ ಅದೇ ಸಂಸ್ಥೆಯ ಸೆಕ್ಷನ್ 9 ಪ್ರಕಾರ. ರೂಟ್, ಅಂದರೆ ಜಾಯಿಂಟಿನ ತಳದ ಮೊದಲ ಪದರ, ಟಿಗ್‌ನಲ್ಲಿ (ಗ್ಯಾಸಿನ ರಕ್ಷಣೆಯಲ್ಲಿ ಮಾಡುವ ವೆಲ್ಡಿಂಗ್), ಮೇಲಿನ ಪದರಗಳು 7018 ಅನ್ನುವ ವೆಲ್ಡಿಂಗ್ ರಾಡಿನಲ್ಲಿ, ಕೆಳಗಿನಿಂದ ಮೇಲಕ್ಕೆ ಹತ್ತಿಸಿಕೊಂಡು ಹೋಗುವುದು. ನೂರಾರು ಕಿ.ಮೀ. ಹೋಗುವ ಲೈನಿಗೆ ಎಪಿಐ 1104 ಅನ್ನುವ ನಿಯಮ. ಅಲ್ಲಿ ಕೈಯಿಂದ ಮಾಡುವ ವೆಲ್ಡಿಂಗ್ ಬಹಳ ಕಡೆ 6010, 8010 ತರಹದ ಸೆಲ್ಯುಲೋಸ್ ರಾಡಿನಲ್ಲಿ, ಮೇಲಿನಿಂದ ಕೆಳಕ್ಕೆ. ರಾಡನ್ನು ಪೈಪಿಗೆ ತಾಗಿಸಿಕೊಂಡೇ ಎಳೆಯುತ್ತಾ ಇಳಿಯಬೇಕು. ಒಂದು ಕ್ಷಣ ನಿಂತರೆ ತೂತು ಬೀಳುತ್ತದೆ. ನಿಧಾನವಾದರೆ ಸ್ಲ್ಯಾಗ್, ಅಂದರೆ ರಾಡಿನ ಲೇಪ ಕರಗಿ ಬಂದ ಕಿಟ್ಟ, ಮುಂದೆ ಓಡಿ ಒಳಗೆ ಸಿಕ್ಕಿಕೊಳ್ಳುತ್ತದೆ. ರೂಟ್ ಮುಗಿದ ಕೆಲವೇ ನಿಮಿಷದಲ್ಲಿ ಹಾಟ್ ಪಾಸ್, ಅಂದರೆ ಎರಡನೇ ಪದರ, ಬೀಳಬೇಕು, ಇಲ್ಲದಿದ್ದರೆ ಆ ರಾಡಿನಿಂದ ಬಂದ ಹೈಡ್ರೋಜನ್ ರೂಟಿನಲ್ಲಿ ಬಿರುಕು ತರುತ್ತದೆ. ಅದಕ್ಕೇ ಲೈನಿನಲ್ಲಿ ರೂಟಿನವರು, ಹಾಟ್ ಪಾಸಿನವರು, ಫಿಲ್ಲಿಂಗ್ (ಮಧ್ಯದ ಪದರ), ಕ್ಯಾಪಿಂಗ್ (ಕೊನೆಯ ಪದರ) ಮಾಡುವವರು ಒಬ್ಬರ ಹಿಂದೆ ಒಬ್ಬರು ಸಾಗುತ್ತಾರೆ. ಒಬ್ಬ ತಡ ಮಾಡಿದರೆ ಹಿಂದಿನವರೆಲ್ಲ ನಿಲ್ಲುತ್ತಾರೆ.

ನಾನಿದ್ದ ಒಂದು ಲೈನಿಗೆ ಸಪ್ಲೈಯರ್ ಒಬ್ಬರು 64 ವೆಲ್ಡರ್‌ಗಳನ್ನು ಕಳಿಸಿದ್ದರು. ಎಲ್ಲರ ಕೈಯಲ್ಲೂ 6ಜಿ ಸರ್ಟಿಫಿಕೇಟ್, ಅಂದರೆ 45 ಡಿಗ್ರಿ ಓರೆಯಾಗಿ ಕಟ್ಟಿದ ಪೈಪಿನ ಮೇಲೆ ಪಾಸಾದವರು. ಸೈಟ್ ಟೆಸ್ಟಿನಲ್ಲಿ ಪಾಸಾದವರು 17 ಜನ. ಉಳಿದವರು ಕೆಟ್ಟ ವೆಲ್ಡರ್‌ಗಳಲ್ಲ. ಅವರಲ್ಲಿ ಕೆಲವರ ಟಿಗ್ ರೂಟ್ ನೋಡಿದ್ದೇನೆ, ಒಳಗೆ ಕೈ ಆಡಿಸಿದರೆ ಒಂದೇ ಸಮ, ಅಷ್ಟು ಚೆಂದ. ಆದರೆ ಹದಿನೈದು ವರ್ಷ ಮೇಲಕ್ಕೆ ಹತ್ತಿದ ಕೈ ಒಂದು ವಾರದಲ್ಲಿ ಕೆಳಕ್ಕೆ ಇಳಿಯುವುದನ್ನು ಕಲಿಯುವುದಿಲ್ಲ. ಆ 47 ಜನ ಕ್ಯಾಂಪಿನಲ್ಲಿ ಮೂರು ವಾರ ಸುಮ್ನೆ ಕೂತರು. ಆಮೇಲೆ ಅರ್ಧಕ್ಕರ್ಧ ಜನರನ್ನು ಹೆಲ್ಪರ್ ಸಂಬಳಕ್ಕೆ ಇಟ್ಟುಕೊಂಡು, ಮಿಕ್ಕವರನ್ನು ವಾಪಸ್ ಕಳಿಸಿದರು. ಅವರ ಮುಖ ನನಗೆ ಇನ್ನೂ ನೆನಪಿದೆ. ತಪ್ಪು ಅವರದಲ್ಲ. ಹೊರಡುವ ಮುಂಚೆ ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೆ.

ಇನ್ನೊಂದು ವಿಷಯ. ಈಗ ದೊಡ್ಡ ಲೈನುಗಳಲ್ಲಿ ಆಟೊಮ್ಯಾಟಿಕ್ ವೆಲ್ಡಿಂಗ್ ಜಾಸ್ತಿ. ಪೈಪಿಗೆ ಪಟ್ಟಿ ಕಟ್ಟಿ ಅದರ ಮೇಲೆ ಮೆಷಿನ್ ಓಡಿಸುತ್ತಾರೆ. ಹಾಗಿದ್ದರೆ ಮುಖ್ಯ ಲೈನಿಗೆ ಬೇಕಾದವರು ಮೆಷಿನ್ ಆಪರೇಟರ್‌ಗಳು. ಕೈ ವೆಲ್ಡರ್‌ಗಳು ಬೇಕಾಗುವುದು ಟೈ-ಇನ್ ಜಾಯಿಂಟಿಗೆ, ರಿಪೇರಿಗೆ. ಟೈ-ಇನ್ ಅಂದರೆ ಎರಡು ಉದ್ದನೆಯ ತುಂಡುಗಳನ್ನು ಗುಂಡಿಯ ಒಳಗೇ ನಿಂತು ಸೇರಿಸುವುದು. ಪೈಪ್ ಅಲ್ಲಾಡಿಸಲು ಆಗುವುದಿಲ್ಲ, ಗ್ಯಾಪ್ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಅದಕ್ಕೆ ಕಳಿಸುವವನು ನಿಮ್ಮ ಅತ್ಯುತ್ತಮ ಕೈ ಆಗಿರಬೇಕು.

ಆದ್ದರಿಂದ ಕಂಟ್ರಾಕ್ಟರ್ ಹತ್ತಿರ ಡಬ್ಲ್ಯುಪಿಎಸ್, ಅಂದರೆ ವೆಲ್ಡಿಂಗ್ ವಿಧಾನ ಬರೆದ ಕಾಗದ, ತರಿಸಿಕೊಳ್ಳಿ. ಯಾವ ರಾಡು, ಯಾವ ದಿಕ್ಕು, ಎಷ್ಟು ದಪ್ಪ, ಎಷ್ಟು ಬಿಸಿ ಎಲ್ಲ ಅದರಲ್ಲಿರುತ್ತದೆ. ಅದೇ ಪ್ರಕಾರ ನೀವೇ ಟೆಸ್ಟ್ ಮಾಡಿ. ಕೊಡದ ಕಂಟ್ರಾಕ್ಟರಿಗೆ ವೆಲ್ಡರ್ ಕೊಡಬೇಡಿ.

ಕೇಳಿದವರು

ಸರ್, ಇದು ನಮಗೆ ಗೊತ್ತೇ ಇರಲಿಲ್ಲ. ಡಿಮಾಂಡ್ ಲೆಟರಿನಲ್ಲಿ ಬರೀ ‘ವೆಲ್ಡರ್ 6ಜಿ, 120’ ಅಂತಿದೆ. ನಮ್ಮಲ್ಲಿರುವವರಲ್ಲಿ ಹೆಚ್ಚಿನವರ ಹತ್ತಿರ ಸರ್ಟಿಫಿಕೇಟ್ ಇದೆ. ಅದನ್ನು ಎಷ್ಟರಮಟ್ಟಿಗೆ ನಂಬಬಹುದು?

ವೆಲ್ಡಿಂಗ್ ಇನ್ಸ್‌ಪೆಕ್ಟರ್, 22 ವರ್ಷ

ಸೆಕ್ಷನ್ 9 ಪ್ರಕಾರ ಒಬ್ಬ ವೆಲ್ಡರ್ ಆರು ತಿಂಗಳು ಆ ವಿಧಾನದಲ್ಲಿ ವೆಲ್ಡಿಂಗ್ ಮಾಡದಿದ್ದರೆ ಅವನ ಅರ್ಹತೆ ಮುಗಿಯಿತು. ಹಾಗಾಗಿ ಸರ್ಟಿಫಿಕೇಟಿನ ಜೊತೆ ಅವನು ಈಚೆಗೆ ಏನು ಮಾಡಿದ ಅನ್ನುವ ದಾಖಲೆ ಇದೆಯಾ ನೋಡಿ. ಅದಕ್ಕಿಂತ ಮುಖ್ಯ, ಸರ್ಟಿಫಿಕೇಟ್ ಅವನ ಹಿಂದಿನ ಕಂಪನಿಯ ಕೆಲಸಕ್ಕೆ ಕೊಟ್ಟದ್ದು. ಹೊಸ ಸೈಟಿನಲ್ಲಿ ಮತ್ತೆ ಟೆಸ್ಟ್ ಇದ್ದೇ ಇರುತ್ತದೆ ಅಂದುಕೊಂಡೇ ತಯಾರಾಗಿ.

ಕಾಗದ ನಂಬಿ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಕಸುಬಿನಲ್ಲಿ ಹಳೆಯ ಪಾಠವೇ ಇದೆ. ಅಮೆರಿಕದ ಅಲಾಸ್ಕದ 1,287 ಕಿ.ಮೀ. ಪೈಪ್‌ಲೈನಿನಲ್ಲಿ 1975ರಲ್ಲಿ ಮಾಡಿದ ಜಾಯಿಂಟ್‌ಗಳ ಎಕ್ಸ್‌ರೇಗಳನ್ನು ಮತ್ತೆ ತೆಗೆದು ನೋಡಿದಾಗ ಸುಮಾರು 4,000 ಜಾಯಿಂಟ್‌ಗಳ ಮೇಲೆ ಸಂಶಯ ಬಂತು. ಕೆಲವಕ್ಕೆ ಫಿಲ್ಮೇ ಸರಿಯಿಲ್ಲ, ಕೆಲವು ಸುಳ್ಳು. ಹೂತಿದ್ದ ಎಷ್ಟೋ ಜಾಯಿಂಟ್‌ಗಳನ್ನು ಮತ್ತೆ ಅಗೆದು ತೆಗೆಯಬೇಕಾಯಿತು. ಅವತ್ತಿನಿಂದ ಇವತ್ತಿನವರೆಗೆ ದೊಡ್ಡ ಲೈನಿನವರು ಕಾಗದಕ್ಕಿಂತ ಜಾಯಿಂಟನ್ನೇ ನೋಡುತ್ತಾರೆ.

ಟೆಸ್ಟ್ ದಿನ ನೀವು ಆಫೀಸಿನಲ್ಲಿ ಕೂರಬೇಡಿ, ಬೂತಿನ ಹತ್ತಿರ ನಿಂತುಕೊಳ್ಳಿ. ವೆಲ್ಡಿಂಗ್ ಶುರುವಾಗುವ ಮುಂಚೆಯೇ ಅರ್ಧ ಗೊತ್ತಾಗುತ್ತದೆ. ನನಗೆ ಒಬ್ಬ ಹುಡುಗ ನೆನಪಾಗುತ್ತಾನೆ. ಫೈಲಿನಲ್ಲಿ ಎರಡೇ ಹಾಳೆ. ಪೈಪಿನ ಎರಡು ತುಂಡು ಕೈಗೆ ಕೊಟ್ಟೆವು. ಅವನು ಮೊದಲು ಬೆವೆಲ್ (ಓರೆಯಾಗಿ ಕೆತ್ತಿದ) ಅಂಚನ್ನು ಹೆಬ್ಬೆರಳಿನಲ್ಲಿ ಸುತ್ತಲೂ ಮುಟ್ಟಿ ನೋಡಿದ. ಒಂದು ಕಡೆ ಸಣ್ಣ ಮುಳ್ಳು ಇತ್ತು, ಅರ ಹಿಡಿದು ಉಜ್ಜಿದ. ರಾಡಿನ ತುದಿಯ ಫ್ಲಕ್ಸ್ (ಲೇಪ) ಉದುರಿಸಿ, ಅದರ ಕಂಬಿಯನ್ನೇ ಗ್ಯಾಪಿನಲ್ಲಿಟ್ಟು ನಾಲ್ಕು ಕಡೆ ಅಳತೆ ನೋಡಿದ. ಟ್ಯಾಕ್ (ತುಂಡುಗಳನ್ನು ಹಿಡಿದಿಡುವ ಚಿಕ್ಕ ವೆಲ್ಡ್) ಹಾಕಿ, ಆ ಟ್ಯಾಕುಗಳ ಎರಡೂ ತುದಿಯನ್ನು ಗ್ರೈಂಡರಿನಲ್ಲಿ ಬಾಳೆ ಎಲೆಯ ಅಂಚಿನ ಹಾಗೆ ತೆಳುವಾಗಿ ಇಳಿಸಿದ. ಇಷ್ಟಕ್ಕೆ ಇಪ್ಪತ್ತೈದು ನಿಮಿಷ. ಪಕ್ಕದ ಬೂತಿನವನು ಅಷ್ಟರಲ್ಲಿ ರೂಟ್ ಮುಗಿಸಿದ್ದ. ಸಂಜೆ ನಿಕ್ ಬ್ರೇಕ್ ಮಾಡಿದೆವು. ಅಂದರೆ ಜಾಯಿಂಟಿನ ಪಟ್ಟಿ ಕತ್ತರಿಸಿ, ಗರಗಸದಲ್ಲಿ ಕಚ್ಚು ಹಾಕಿ, ಮುರಿದು ಒಳಗಿನ ಮುಖ ನೋಡುವುದು. ಪಕ್ಕದವನ ಪಟ್ಟಿಯಲ್ಲಿ ಜೇನುಗೂಡಿನ ಹಾಗೆ ಗುಳಿಗಳು. ಈ ಹುಡುಗನ ಪಟ್ಟಿ ಮುರಿದಾಗ ಮುಖ ಬೂದು ಬಣ್ಣ, ಒಂದೇ ಸಮ, ಒಂದು ಚುಕ್ಕೆ ಇಲ್ಲ. ಅವನು ಆ ಲೈನಿನಲ್ಲಿ ಕೊನೆಗೆ ಟೈ-ಇನ್ ವೆಲ್ಡರ್ ಆದ.

ಸೈಡ್‌ಬೂಮ್ ಫೋರ್‌ಮನ್

ಇನ್ಸ್‌ಪೆಕ್ಟರ್ ಸಾಹೇಬರು ವೆಲ್ಡರ್ ಬಗ್ಗೆ ಹೇಳಿದ್ದು ಆಪರೇಟರ್‌ಗಳಿಗೂ ಹೊಂದುತ್ತದೆ. ಕ್ರೇನ್ ಓಡಿಸುವವನಿಗೆ ಸೈಡ್‌ಬೂಮ್ ಬರುತ್ತದೆ ಅಂತ ಕಳಿಸಬೇಡಿ. ಪೈಪನ್ನು ಗುಂಡಿಗೆ ಇಳಿಸುವಾಗ ಒಂದೇ ಉದ್ದನೆಯ ಪೈಪನ್ನು ಐದಾರು ಸೈಡ್‌ಬೂಮ್ ಒಟ್ಟಿಗೆ ಹಿಡಿದಿರುತ್ತವೆ. ಒಬ್ಬ ಬೇಗ ಬಿಟ್ಟರೆ ಅವನ ಭಾರ ಪಕ್ಕದವನ ಮೇಲೆ ಬೀಳುತ್ತದೆ. ಗಾಡಿ ಗುಂಡಿಯ ಕಡೆ ವಾಲುತ್ತದೆ. ಗುಂಡಿಯಲ್ಲಿ ಅಥವಾ ಪಕ್ಕದಲ್ಲಿ ಯಾರಾದರೂ ಇದ್ದರೆ ಮುಗಿಯಿತು. ನಾನು ಒಬ್ಬ ಹೊಸ ಆಪರೇಟರನ್ನು ನೋಡುವಾಗ ಅವನು ಪೈಪ್ ಎತ್ತುವುದನ್ನು ನೋಡುವುದಿಲ್ಲ. ಎತ್ತುವ ಮುಂಚೆ ಕೌಂಟರ್‌ವೇಟ್ (ಎದುರು ಬದಿಯ ಸಮತೋಲನದ ಭಾರ) ಹೊರಗೆ ಹಾಕಿದನಾ, ಗಾಡಿ ನಿಂತ ನೆಲ ನೋಡಿದನಾ, ಸಿಗ್ನಲ್ ಕೊಡುವವನ ಕಡೆ ಕಣ್ಣಿಟ್ಟನಾ, ಇಷ್ಟೇ ನೋಡುತ್ತೇನೆ. ಇಂಥವರು ಸಿಗುವುದು ಕಷ್ಟ. ಮೊದಲು ಇವರನ್ನು ಹುಡುಕಿ, ಹೆಲ್ಪರ್‌ಗಳನ್ನು ಆಮೇಲೆ.

ಸಪ್ಲೈ ಕಂಪನಿ ನಡೆಸಿದವನು

ಅಣ್ಣ, ನಾನು ನಿಮ್ಮ ಜಾಗದಲ್ಲೇ ಇದ್ದೆ, ಹಾಗಾಗಿ ದುಡ್ಡಿನ ವಿಷಯ ನಾನು ಹೇಳುತ್ತೇನೆ.

400 ಅನ್ನುವ ಸಂಖ್ಯೆ ಕೇಳಿ ಖುಷಿಪಡಬೇಡಿ. 400 ಜನ ಒಂದೇ ದಿನ ಬೇಕಾಗುವುದಿಲ್ಲ. ಕಂಟ್ರಾಕ್ಟರ್ ಹತ್ತಿರ ತಿಂಗಳು ತಿಂಗಳಿನ ಮ್ಯಾನ್‌ಪವರ್ ಚಾರ್ಟ್ ಇರುತ್ತದೆ, ಕೇಳಿ. ಪ್ಲಾಂಟಿನಲ್ಲಿ ಮೊದಲು ಸಿವಿಲ್, ಆಮೇಲೆ ಸ್ಟ್ರಕ್ಚರ್, ಪೈಪಿಂಗ್ ಏರುತ್ತದೆ. ಪೈಪಿಂಗ್ ಇಳಿಯುವಾಗ ಎಲೆಕ್ಟ್ರಿಷಿಯನ್ನರು, ಇನ್‌ಸ್ಟ್ರುಮೆಂಟಿನವರು ಏರುತ್ತಾರೆ. ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್‌ಗಳನ್ನು ಎಂಟನೇ ವಾರಕ್ಕೆ ಕಳಿಸಿದರೆ ಅವರಿಗೆ ಅಲ್ಲಿ ಮುಟ್ಟೋಕೆ ಒಂದು ಟ್ರಾನ್ಸ್‌ಮಿಟರ್ (ಒತ್ತಡ, ಬಿಸಿ ಅಳೆದು ತಿಳಿಸುವ ಉಪಕರಣ) ಕೂಡ ಇರುವುದಿಲ್ಲ. ಮೇಲೆ ಹೇಳಿದ ಅಲಾಸ್ಕ ಲೈನಿನ ಲೆಕ್ಕವನ್ನೇ ನೋಡಿ. ಅತಿ ಜಾಸ್ತಿ ಜನ ಇದ್ದದ್ದು 1975ರ ಅಕ್ಟೋಬರಿನಲ್ಲಿ, ಸುಮಾರು 28,000. ಶುರುವಿನಿಂದ ಎಣ್ಣೆ ಹರಿದ 1977ರವರೆಗೆ ಒಟ್ಟು ದುಡಿದವರು ಸುಮಾರು 70,000. ಜನ ಬರುತ್ತಾರೆ, ಹೋಗುತ್ತಾರೆ. ಹೋದವರ ಜಾಗಕ್ಕೆ ತುಂಬುವುದೂ ನಿಮ್ಮ ಕೆಲಸವೇ. ಆ ಖರ್ಚನ್ನು ರೇಟಿನಲ್ಲಿ ಸೇರಿಸದಿದ್ದರೆ ಆರನೇ ತಿಂಗಳಿಗೆ ಕೈ ಖಾಲಿ.

ಈಗ ಲೆಕ್ಕ ಹಾಕಿ. ಜನ ಒಂದನೇ ತಾರೀಖು ಕೆಲಸ ಶುರು ಮಾಡಿದರು ಅಂದುಕೊಳ್ಳಿ. 30ನೇ ದಿನ ನೀವು ಸಂಬಳ ಕೊಡಲೇಬೇಕು. ಟೈಮ್‌ಶೀಟಿಗೆ ಸೈಟ್ ಎಂಜಿನಿಯರ್ ಸಹಿ ಬಿದ್ದು ಬಿಲ್ ಹೋಗುವಷ್ಟರಲ್ಲಿ 40ನೇ ದಿನ. ಕಂಟ್ರಾಕ್ಟರ್ 60 ದಿನದ ಕ್ರೆಡಿಟ್ ಅಂದರೆ ದುಡ್ಡು ಬರುವುದು 100ನೇ ದಿನ. ಅಷ್ಟರಲ್ಲಿ ನೀವು ಮೂರು ಸಂಬಳ ಕೊಟ್ಟಾಗಿದೆ. ಮೂರು ತಿಂಗಳ ಸಂಬಳ, ಪ್ರಯಾಣ, ಮೆಡಿಕಲ್ ಎಲ್ಲ ನಿಮ್ಮ ಕೈಯಿಂದ. ಅದು ನಿಮ್ಮ ಹತ್ತಿರ ಇಲ್ಲದಿದ್ದರೆ 400 ಬೇಡ, 100ಕ್ಕೆ ಒಪ್ಪಿಕೊಳ್ಳಿ. ನಾನು ಒಪ್ಪಿಕೊಂಡದ್ದು 250. ನಾಲ್ಕನೇ ತಿಂಗಳು ಸಂಬಳ ಹನ್ನೆರಡು ದಿನ ತಡವಾಯಿತು. ಜನ ಕೆಲಸ ನಿಲ್ಲಿಸಿ ಕ್ಯಾಂಪಿನ ಗೇಟಿನಲ್ಲಿ ಕೂತರು. ಅವರು ಮಾಡಿದ್ದೇ ಸರಿ. ತಡವಾದದ್ದು ನನ್ನಿಂದ.

ಅಗ್ರಿಮೆಂಟಿನಲ್ಲಿ ಈ ಮಾತುಗಳು ಸ್ಪಷ್ಟವಾಗಿರಲಿ. ಮಳೆಗೆ ಲೈನ್ ನಿಂತರೆ ಕೂತ ದಿನಕ್ಕೆ ಎಷ್ಟು? ಪೈಪ್ ಬರುವುದು ತಡವಾದರೆ? ಟೆಸ್ಟಿನಲ್ಲಿ ಫೇಲ್ ಆದವನ ವಾಪಸ್ ಟಿಕೆಟ್ ಯಾರದು? ಕೆಲಸ ಬೇಗ ಮುಗಿದರೆ ನೋಟಿಸ್ ಎಷ್ಟು ದಿನ? ಬಾಯಿಮಾತಿನಲ್ಲಿ ‘ಆಗುತ್ತೆ ಬಿಡಿ’ ಅಂದದ್ದು ಯಾವುದೂ ಬಿಲ್ಲಿನಲ್ಲಿ ಬರುವುದಿಲ್ಲ.

ಪ್ರಾಜೆಕ್ಟ್ ಇರುವ ದೇಶದ ಸ್ಥಳೀಯರ ನಿಯಮವನ್ನೂ ಓದಿ. ಉದಾಹರಣೆಗೆ ಉಗಾಂಡಾದಿಂದ ಟಾಂಜಾನಿಯಾದ ಟಾಂಗಾ ಬಂದರಿನ ಹತ್ತಿರದವರೆಗೆ 1,443 ಕಿ.ಮೀ. ಬಿಸಿ ಪೈಪ್‌ಲೈನ್ ಯೋಜನೆ ಇದೆ. ಅಲ್ಲಿನ ಎಣ್ಣೆ ಮೇಣದ ಹಾಗೆ ಗಟ್ಟಿಯಾಗುವುದರಿಂದ ಪೈಪನ್ನು 50 ಡಿಗ್ರಿಗಿಂತ ಮೇಲೆ ಬಿಸಿಯಾಗಿ ಇಡಬೇಕು. ಉಗಾಂಡಾ 2016ರಲ್ಲೇ ತನ್ನ ತೈಲ ಕೆಲಸದಲ್ಲಿ 16 ಬಗೆಯ ಸಾಮಾನು ಮತ್ತು ಸೇವೆಗಳನ್ನು ತನ್ನ ದೇಶದ ಕಂಪನಿಗಳಿಗೆ ಮೀಸಲಿಟ್ಟಿತು. ಮಾನವ ಸಂಪನ್ಮೂಲ ನಿರ್ವಹಣೆಯೂ ಅದರಲ್ಲಿದೆ. ಅಂಥ ಕಡೆ ಹೊರಗಿನ ಕಂಪನಿ ಒಂದು ಸ್ಥಳೀಯ ಕಂಪನಿಯ ಜೊತೆ ಸೇರದೆ ಕೆಲಸ ಮಾಡೋಕೆ ಆಗುವುದಿಲ್ಲ. ಇದು ಸರಿಯಾದ ನಿಯಮ ಅಂತಲೇ ನನ್ನ ಅಭಿಪ್ರಾಯ. ಅಲ್ಲಿಯವರಿಗೆ ಬರುವ ಕೆಲಸಕ್ಕೆ ನಾವು ಜನ ಹೊತ್ತುಕೊಂಡು ಹೋಗಬಾರದು. ಅಲ್ಲಿ ಸಿಗದ ಕೈ ಮಾತ್ರ ಕಳಿಸಬೇಕು.

ಕೊನೆಗೆ, ಬೇಕಾದದ್ದಕ್ಕಿಂತ 20 ಪರ್ಸೆಂಟ್ ಜಾಸ್ತಿ ಜನರನ್ನು ಟೆಸ್ಟ್ ಮಾಡಿ ಇಟ್ಟುಕೊಳ್ಳಿ. ಬೇಕಾಗುತ್ತದೆ.

ಪೈಪ್ ಫಿಟ್ಟರ್

ಆ ‘ಇಟ್ಟುಕೊಳ್ಳಿ’ ಅನ್ನುವ ಮಾತಿಗೆ ನಾನು ಉತ್ತರ ಕೊಡಬೇಕು ಸರ್. ನಾನು ಆ 20 ಪರ್ಸೆಂಟಿನಲ್ಲಿ ಇದ್ದವನು.

ಟೆಸ್ಟ್ ಪಾಸಾದೆ. ‘ಮುಂದಿನ ವಾರ ಹೊರಡಬೇಕು, ಇದ್ದ ಕೆಲಸ ಬಿಟ್ಟು ಬಾ’ ಅಂದರು. ಬಿಟ್ಟೆ. ಪಾಸ್‌ಪೋರ್ಟ್ ಅವರ ಆಫೀಸಿನಲ್ಲಿ ಇಟ್ಟುಕೊಂಡರು. ಒಂದು ವಾರ ಹೋಗಿ ಎರಡು ತಿಂಗಳಾಯಿತು. ಫೋನ್ ಮಾಡಿದರೆ ‘ನಿನ್ನ ಹೆಸರು ಲಿಸ್ಟಿನಲ್ಲಿದೆ’ ಅಂತಷ್ಟೇ. ಬೇರೆ ಕಡೆ ಕೆಲಸ ಬಂತು, ಪಾಸ್‌ಪೋರ್ಟ್ ಕೈಯಲ್ಲಿಲ್ಲದೆ ಹೋಗೋಕೆ ಆಗಲಿಲ್ಲ. ಆಮೇಲೆ ಗೊತ್ತಾಯಿತು, ನಾನು ಯಾರಾದರೂ ಫೇಲ್ ಆದರೆ ತುಂಬುವುದಕ್ಕೆ ಇಟ್ಟವನು ಅಂತ.

ಜಾಸ್ತಿ ಜನರನ್ನು ಟೆಸ್ಟ್ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಅವನಿಗೆ ನೇರವಾಗಿ ಹೇಳಿ: ‘ನೀನು ಎರಡನೇ ಪಟ್ಟಿಯಲ್ಲಿದ್ದೀಯ, ಇದ್ದ ಕೆಲಸ ಬಿಡಬೇಡ, ಪಾಸ್‌ಪೋರ್ಟ್ ನಿನ್ನ ಹತ್ತಿರವೇ ಇರಲಿ.’ ಇಷ್ಟು ಹೇಳಿದ ಕಂಪನಿ ಕರೆದಾಗ ನಾನು ಬೇರೆಲ್ಲ ಬಿಟ್ಟು ಹೋಗಿದ್ದೇನೆ.

ಫಿಟ್ಟರ್ ಟೆಸ್ಟ್ ಬಗ್ಗೆ ಒಂದು ಮಾತು. ಪ್ರಶ್ನೆ ಕೇಳಿ ಪಾಸ್ ಮಾಡಬೇಡಿ. ಒಂದು ಐಸೊಮೆಟ್ರಿಕ್ (ಪೈಪನ್ನು ಮೂರು ದಿಕ್ಕಿನಲ್ಲೂ ತೋರಿಸುವ) ಡ್ರಾಯಿಂಗ್ ಕೊಡಿ, ಎರಡು ಎಲ್ಬೋ (ತಿರುವಿನ ತುಂಡು), ಒಂದು ಫ್ಲೇಂಜ್ (ಬೋಲ್ಟ್ ಹಾಕಿ ಜೋಡಿಸುವ ಬಿಲ್ಲೆ), ಓರೆಯಾಗಿ ಏರುವ ಒಂದು ತುಂಡು ಇರುವಂಥದ್ದು. ‘ಮಧ್ಯದ ಪೈಪನ್ನು ಎಷ್ಟು ಉದ್ದ ಕತ್ತರಿಸಬೇಕು?’ ಅಂತ ಕೇಳಿ. ಡ್ರಾಯಿಂಗಿನಲ್ಲಿರುವ ಅಳತೆಯಿಂದ ಎಲ್ಬೋ ಕಳೆದು, ವೆಲ್ಡಿಂಗ್ ಗ್ಯಾಪ್ ಕಳೆದು ಹೇಳಿದರೆ ಅವನು ಫಿಟ್ಟರ್. ಆಮೇಲೆ ಫ್ಲೇಂಜ್ ಕೂರಿಸಲು ಹೇಳಿ. ಬೋಲ್ಟ್ ತೂತುಗಳು ಸೆಂಟರ್ ಲೈನಿನ ಎರಡೂ ಕಡೆ ಸಮನಾಗಿ ಬರಬೇಕು. ಕೈಯಲ್ಲಿ ಲೆವೆಲ್ ಹಿಡಿದು ಮೇಲಿನ ಎರಡು ತೂತಿನ ಮೇಲೆ ಇಟ್ಟು ನೋಡುತ್ತಾನಾ ನೋಡಿ. ಹತ್ತು ನಿಮಿಷ ಸಾಕು.

ಸಪ್ಲೈ ಕಂಪನಿ ನಡೆಸಿದವನು

ತಮ್ಮಾ, ನೀನು ಹೇಳಿದ್ದು ಸರಿ. ನಾನೂ ಹಾಗೆ ಜನರನ್ನು ಕಾಯಿಸಿದ್ದೇನೆ. ಎರಡನೇ ಪಟ್ಟಿ ಅಂತ ಹೇಳಿಯೇ ಇಟ್ಟುಕೊಳ್ಳಬೇಕು. ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ.

ಕ್ಯಾಂಪಿನಲ್ಲಿ ಎಚ್‌ಆರ್ ಆಗಿದ್ದವಳು

ಪಾಸ್‌ಪೋರ್ಟ್ ಮಾತು ಬಂದದ್ದು ಒಳ್ಳೆಯದಾಯಿತು. ನಾನು ಕಂಟ್ರಾಕ್ಟರ್ ಕಡೆ ಇದ್ದವಳು. ಬಸ್ಸಿನಿಂದ ಇಳಿದ ಜನರನ್ನು ಮೊದಲು ಮಾತಾಡಿಸುವ ಕೆಲಸ ನನ್ನದಾಗಿತ್ತು.

ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತಿದ್ದೆ. ‘ಈ ಕೆಲಸ ಸಿಗೋಕೆ ಯಾರಿಗಾದರೂ ದುಡ್ಡು ಕೊಟ್ಟಿದ್ದೀರಾ?’ ಒಬ್ಬ ಸ್ಕ್ಯಾಫೋಲ್ಡರ್, ನಲವತ್ತರ ಆಸುಪಾಸು, ನೆಲ ನೋಡುತ್ತಾ ‘ಇಲ್ಲ ಮೇಡಂ, ಯಾರಿಗೂ ಇಲ್ಲ’ ಅಂದ. ಅವನ ಹಿಂದಿನವನೂ ಅದೇ ಮಾತು, ಅದೇ ಸ್ವರ. ಎಲ್ಲರಿಗೂ ಹೇಳಿಕೊಟ್ಟು ಕಳಿಸಿದ್ದರು. ಎರಡು ತಿಂಗಳ ನಂತರ ಅದೇ ಮನುಷ್ಯ ಮುಂಗೈ ಊದಿಕೊಂಡು ಗ್ಲೌಸ್ ಹಾಕಿಕೊಂಡೇ ಕೆಲಸ ಮಾಡುತ್ತಿದ್ದ. ಕ್ಲಿನಿಕ್ಕಿಗೆ ಹೋದರೆ ರಜೆ ಕೊಡುತ್ತಾರೆ, ಓಟಿ ಹೋಗುತ್ತದೆ ಅನ್ನುವ ಭಯ. ಎಕ್ಸ್‌ರೇ ತೆಗೆದರೆ ಮೂಳೆ ಬಿಟ್ಟಿತ್ತು. ಅವತ್ತು ಜೇಬಿನಿಂದ ಮಡಚಿದ ಒಂದು ಚೀಟಿ ತೆಗೆದು ತೋರಿಸಿದ. ತಿಂಗಳು ತಿಂಗಳು ಕಟ್ಟಬೇಕಾದ ಬಡ್ಡಿ ಪೆನ್ಸಿಲಿನಲ್ಲಿ ಬರೆದಿತ್ತು. ಸಬ್ ಏಜೆಂಟಿಗೆ ಕೊಡಲು ಮಾಡಿದ ಸಾಲ. ಮೊದಲ ಎಂಟು ತಿಂಗಳ ದುಡಿಮೆ ಅದಕ್ಕೇ ಹೋಗುತ್ತಿತ್ತು.

ಅಣ್ಣ, ಮುರಿದ ಕೈಯಲ್ಲಿ ಎತ್ತರದಲ್ಲಿ ಪೈಪ್ ಕಟ್ಟುವವನನ್ನು ಅಲ್ಲಿಗೆ ಹತ್ತಿಸಿದ್ದು ಆ ಸಾಲ. ಇದನ್ನು ನಾನು ಬೇರೆ ಹೇಗೂ ನೋಡಲಾರೆ.

ನಿಯಮವೂ ಇದನ್ನೇ ಹೇಳುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೇ ಒಪ್ಪಂದದ 7ನೇ ವಿಧಿ ಓದಿ. ಖಾಸಗಿ ಏಜೆನ್ಸಿ ಕೆಲಸಗಾರನಿಂದ ನೇರವಾಗಿಯಾಗಲಿ, ಸುತ್ತು ಬಳಸಿಯಾಗಲಿ, ಪೂರ್ತಿಯಾಗಲಿ, ಭಾಗವಾಗಲಿ ಫೀ ತೆಗೆದುಕೊಳ್ಳಬಾರದು ಅಂತಿದೆ. ಕೆಲವು ಬಗೆಯ ಕೆಲಸಕ್ಕೆ ವಿನಾಯಿತಿ ಕೊಡಲು ದೇಶಗಳಿಗೆ ಅವಕಾಶ ಇದೆ, ಎಲ್ಲ ದೇಶವೂ ಸಹಿ ಮಾಡಿಲ್ಲ. ಆದರೂ ಅದೇ ಸಂಸ್ಥೆಯ 2016ರ ನ್ಯಾಯಯುತ ನೇಮಕಾತಿ ತತ್ವಗಳಲ್ಲೂ ಅದೇ ಮಾತು. ದೊಡ್ಡ ಪ್ರಾಜೆಕ್ಟಿಗೆ ಸಾಲ ಕೊಡುವ ಬ್ಯಾಂಕುಗಳು ಬಹಳ ಸಲ ವಿಶ್ವ ಬ್ಯಾಂಕ್ ಗುಂಪಿನ ಐಎಫ್‌ಸಿಯ ಕಾರ್ಮಿಕ ಮಾನದಂಡವನ್ನು ಷರತ್ತಾಗಿ ಹಾಕುತ್ತವೆ. ಅದು ಸಪ್ಲೈ ಕಂಪನಿ ಮೂಲಕ ಬಂದವರಿಗೂ ಅನ್ವಯಿಸುತ್ತದೆ. ಆಡಿಟಿನವರು ಕ್ಯಾಂಪಿಗೆ ಬಂದು ಜನರನ್ನು ಒಬ್ಬೊಬ್ಬರನ್ನೇ ಕೂರಿಸಿ ಕೇಳುತ್ತಾರೆ. ಪಾಸ್‌ಪೋರ್ಟ್ ಯಾರ ಹತ್ತಿರ ಇದೆ ಅನ್ನುವುದೂ ಅದರಲ್ಲಿ ಒಂದು ಪ್ರಶ್ನೆ. ಗುರುತಿನ ಕಾಗದ ಇಟ್ಟುಕೊಳ್ಳುವುದು, ಸಾಲದಲ್ಲಿ ಕಟ್ಟಿಹಾಕುವುದು, ಎರಡೂ ಬಲವಂತದ ದುಡಿಮೆಯ ಗುರುತುಗಳ ಪಟ್ಟಿಯಲ್ಲಿವೆ.

ಹಾಗಾಗಿ ರೇಟ್ ಹೇಳುವಾಗಲೇ ಪ್ರಯಾಣ, ಮೆಡಿಕಲ್, ವೀಸಾ, ಟೆಸ್ಟಿನ ಖರ್ಚು ಎಲ್ಲ ಕಂಟ್ರಾಕ್ಟರ್ ತಲೆಗೆ ಹಾಕಿ. ಒಪ್ಪದಿದ್ದರೆ ಆ ಖರ್ಚು ಕೊನೆಗೆ ಯಾರ ತಲೆಗೆ ಬರುತ್ತದೆ ಅಂತ ನಿಮಗೇ ಗೊತ್ತು. ಸಬ್ ಏಜೆಂಟ್ ಇಲ್ಲದೆ ಜನ ಸಿಗುವುದಿಲ್ಲ ಅಂದರೆ, ಅವನಿಗೆ ನೀವೇ ಕೊಡಿ, ರಸೀದಿ ಇಟ್ಟುಕೊಳ್ಳಿ. ಟೆಸ್ಟಿಗೆ ಬಂದವರಿಗೆಲ್ಲ ನೀವೇ ಬಾಯಿ ಬಿಟ್ಟು ಹೇಳಿ: ‘ಯಾರಿಗೂ ದುಡ್ಡು ಕೊಡಬೇಡಿ, ಕೊಟ್ಟಿದ್ದರೆ ಈಗಲೇ ಹೇಳಿ, ಹೇಳಿದ್ದಕ್ಕೆ ಕೆಲಸ ಹೋಗುವುದಿಲ್ಲ.’

ಆಫರ್ ಲೆಟರ್ ಅವರಿಗೆ ಓದಲು ಬರುವ ಭಾಷೆಯಲ್ಲಿ ಇರಲಿ, ಹೊರಡುವ ಮುಂಚೆ ಕೈಗೆ ಸಿಗಲಿ. ಅಲ್ಲಿ ಹೋದ ಮೇಲೆ ಬೇರೆ ಕಾಗದಕ್ಕೆ ಸಹಿ ಹಾಕಿಸುವುದು ಎಷ್ಟು ಸಲ ನೋಡಿದ್ದೇನೆ! ಮೂಲ ಸಂಬಳ ಎಷ್ಟು, ಎಷ್ಟು ಗಂಟೆಗೆ, ಓಟಿ ಹೇಗೆ, ಎಷ್ಟು ತಿಂಗಳಿಗೊಮ್ಮೆ ರಜೆ, ಇಷ್ಟು ಸ್ಪಷ್ಟ ಇದ್ದರೆ ಕ್ಯಾಂಪಿನ ಅರ್ಧ ಜಗಳ ಇರುವುದಿಲ್ಲ.

ಸೇಫ್ಟಿ ಆಫೀಸರ್

ಮೆಡಿಕಲ್ ಖರ್ಚಿನ ಮಾತು ಬಂತು, ಪರೀಕ್ಷೆಯ ಬಗ್ಗೆ ಯಾರೂ ಹೇಳಲಿಲ್ಲ, ನಾನು ಚಿಕ್ಕದಾಗಿ ಹೇಳುತ್ತೇನೆ. ಬಿಪಿ ಮತ್ತು ಸಕ್ಕರೆ ಕಾಯಿಲೆಯನ್ನು ಕೊನೆಯ ವಾರ ಪರೀಕ್ಷೆ ಮಾಡಬೇಡಿ, ಮೊದಲ ವಾರವೇ ಮಾಡಿಸಿ. ಬಿಪಿಗೆ ಚಿಕಿತ್ಸೆ ಕೊಡಿಸಿದರೆ ಒಂದು ತಿಂಗಳಲ್ಲಿ ಹತೋಟಿಗೆ ಬಂದು ಎಷ್ಟೋ ಜನ ಪಾಸಾಗುತ್ತಾರೆ. ಎಲೆಕ್ಟ್ರಿಷಿಯನ್, ಇನ್‌ಸ್ಟ್ರುಮೆಂಟಿನವರಿಗೆ ಬಣ್ಣ ಗುರುತಿಸುವ ಪರೀಕ್ಷೆ ಬೇಕು. ತಂತಿಯ ಬಣ್ಣ ತಿಳಿಯದೆ ಇಪ್ಪತ್ತು ವರ್ಷ ಕೆಲಸ ಮಾಡಿದವನೂ ನನಗೆ ಸಿಕ್ಕಿದ್ದಾನೆ.

ತೈಲ ಕ್ಷೇತ್ರದಲ್ಲಿ ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷದ ಗ್ಯಾಸ್ ಇದೆಯಾ ಕೇಳಿ. ಕೊಳೆತ ಮೊಟ್ಟೆ ವಾಸನೆ ಬರುತ್ತದೆ, ಓಡಿಬಿಡಬಹುದು ಅಂತ ಜನ ಅಂದುಕೊಂಡಿರುತ್ತಾರೆ. ನಿಜ ಏನೆಂದರೆ ಗ್ಯಾಸ್ ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಗಾಳಿಯಲ್ಲಿ 100 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಅಂದರೆ ಅದು ಜೀವಕ್ಕೆ ತಕ್ಷಣದ ಅಪಾಯದ ಮಟ್ಟ. ಅಲ್ಲಿ ಮಾಸ್ಕ್ ಹಾಕಲೇಬೇಕು, ಗಡ್ಡ ಇದ್ದರೆ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರುವುದಿಲ್ಲ. ಗಡ್ಡ ಕೆಲವರಿಗೆ ನಂಬಿಕೆಯ ವಿಷಯ. ಆದ್ದರಿಂದ ಇದನ್ನು ಇಂಟರ್‌ವ್ಯೂನಲ್ಲೇ ಗೌರವದಿಂದ ಹೇಳಿ, ಅವರೇ ನಿರ್ಧರಿಸಲಿ. ಗ್ಯಾಸ್ ಇಲ್ಲದ ಕಡೆಯ ಕೆಲಸ ಇದ್ದರೆ ಅವರಿಗೆ ಅದನ್ನು ಕೊಡಿಸಿ. ಸೈಟಿನ ಗೇಟಿನಲ್ಲಿ ನಿಲ್ಲಿಸಿ ರೇಜರ್ ಕೈಗೆ ಕೊಡುವುದು ತುಂಬಾ ನೋವಿನ ಸಂಗತಿ.

ಕೇಳಿದವರು

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ಕಂಟ್ರಾಕ್ಟರಿಗೆ ಫೋನ್ ಮಾಡಿ ಪ್ಲಾಂಟಿಗೆ ಎಷ್ಟು, ಲೈನಿಗೆ ಎಷ್ಟು ಅಂತ ಕೇಳಿದೆ. ಅವರ ಎಂಜಿನಿಯರ್ ನೋಡಿ ಹೇಳಿದರು. ಮುಖ್ಯ ಲೈನ್ ಆಟೊಮ್ಯಾಟಿಕ್. ಕೈ ವೆಲ್ಡರ್ ಬೇಕಿರುವುದು ಪ್ಲಾಂಟಿಗೆ 58, ಟೈ-ಇನ್ನಿಗೆ 14. ಉಳಿದ 48 ಹಳೆಯ ಪ್ರಾಜೆಕ್ಟಿನ ಲೆಟರ್ ನೋಡಿ ಹಾಕಿದ್ದಂತೆ! ಆ 48 ಜನರನ್ನು ಕಳಿಸಿಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ರಾತ್ರಿಯೆಲ್ಲ ಯೋಚಿಸಿದೆ.

ಮ್ಯಾನ್‌ಪವರ್ ಚಾರ್ಟ್ ಕೊಡುತ್ತೇವೆ ಅಂದಿದ್ದಾರೆ. ನಮ್ಮ ಕೈಯಲ್ಲಿರುವ ದುಡ್ಡಿಗೆ ಮೊದಲ ಕಂತಿನಲ್ಲಿ 110 ಜನ ಅಂತ ತೀರ್ಮಾನ ಮಾಡಿದ್ದೇವೆ. ಪ್ರಯಾಣ, ಮೆಡಿಕಲ್ ಖರ್ಚು ಅವರೇ ಕೊಡಬೇಕು ಅಂತ ಬರೆದು ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಇನ್ಸ್‌ಪೆಕ್ಟರ್ ಸರ್, ಟೆಸ್ಟಿಗೆ ಪೈಪ್ ತುಂಡು ಎಷ್ಟು ಇಂಚಿನದು ತರಿಸಲಿ?

ವೆಲ್ಡಿಂಗ್ ಇನ್ಸ್‌ಪೆಕ್ಟರ್, 22 ವರ್ಷ

ಡಬ್ಲ್ಯುಪಿಎಸ್ ಕೈಗೆ ಬರಲಿ, ಅದರಲ್ಲಿರುವ ಅಳತೆ ಮತ್ತು ದಪ್ಪ ನೋಡಿ ತರಿಸೋಣ. ಟೈ-ಇನ್ನಿನ 14 ಜನಕ್ಕೆ ಪೈಪನ್ನು ಸ್ಟ್ಯಾಂಡಿನಲ್ಲಿ ಸೊಂಟದ ಎತ್ತರಕ್ಕೆ ಕಟ್ಟಬೇಡಿ. ನೆಲದಿಂದ ಮೊಳದಷ್ಟು ಮೇಲೆ ಕಟ್ಟಿ, ಮಲಗಿ ಅಡಿಯ ಜಾಯಿಂಟ್ ಮಾಡಲಿ. ಗುಂಡಿಯಲ್ಲಿ ಹಾಗೇ ಮಾಡಬೇಕಾಗುವುದು. ಟೆಸ್ಟ್ ದಿನ ಹೇಳಿ, ನಾನು ಬರುತ್ತೇನೆ.

ಪೈಪ್ ಫಿಟ್ಟರ್

ಸರ್, ಟೆಸ್ಟಿಗೆ ಬರುವವರಿಗೆ ಬಸ್ ಚಾರ್ಜ್ ಮತ್ತು ಆ ದಿನದ ಊಟ ಕೊಡಿ. ಫೇಲ್ ಆದವರಿಗೂ. ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ.

ಕೇಳಿದವರು

ಕೊಡುತ್ತೇವೆ. ಬರೆದುಕೊಂಡೆ.